ದೇವಿಯ ಎಡಭುಜ

ನಮ್ಮ ಮನೆದೇವಿ ಬಲಭುಜದ ಎಸಳು ಬೀಳಿಸಿದರೆ ಹೂಂ ಎಂದರ್ಥ, ಎಡಭುಜದ್ದು ಬೀಳಿಸಿದರೆ ಉಹೂಂ. ಬಲ ಎಂದರೆ ದೇವಿಯ ಬಲ, ನಮ್ಮದಲ್ಲ. ಗೇಣುದ್ದದ ಕಪ್ಪು ಕಲ್ಲಿನ ವಿಗ್ರಹ ಅದು. ಸೇವಂತಿಗೆಯ ಎಸಳನ್ನು ನೀರಿನಲ್ಲಿ ಅದ್ದಿ ಎರಡೂ ಭುಜಕ್ಕೆ ಒಂದೊಂದು ಅಂಟಿಸಿ, ಕೇಳಬೇಕಾದ್ದನ್ನು ಕೇಳಿ, ಕೈಮುಗಿದು ಕೂರಬೇಕು. ನೀರು ಆರಿದಂತೆ ಯಾವುದಾದರೂ ಒಂದು ಮೊದಲು ಬೀಳುತ್ತದೆ. ನಮ್ಮ ತುಮಕೂರು ಸೀಮೆಯಲ್ಲಿ ಇದಕ್ಕೆ ಅಪ್ಪಣೆ ಕೇಳುವುದು ಎನ್ನುತ್ತಾರೆ. ಊರಿನಲ್ಲಿ ಒಂದು ಅಪ್ಪಣೆಗೆ ಅರ್ಧ ಗಂಟೆ, ಮುಕ್ಕಾಲು ಗಂಟೆ ಹಿಡಿಯುತ್ತಿತ್ತು. ವಿಜಯವಾಡದ ಪಟಮಟದಲ್ಲಿ, ನಮ್ಮ ಮೂರನೇ ಮಹಡಿಯ ಮನೆಯಲ್ಲಿ, ಬೇಸಿಗೆಯಾದರೆ ಐದೇ ನಿಮಿಷ. ಈ ಊರಿನ ಬಿಸಿಲಿನಲ್ಲಿ ದೇವರೂ ಬೇಗಬೇಗ ತೀರ್ಮಾನ ಮಾಡಬೇಕಾಗುತ್ತದೆ.

ಅಮ್ಮ ನಮ್ಮ ಜೊತೆ ಇರಲು ಬಂದಾಗ ದೇವಿಯನ್ನು ಹಳೆಯ ಸೀರೆಯಲ್ಲಿ ಸುತ್ತಿ ಮಡಿಲಲ್ಲಿಟ್ಟುಕೊಂಡೇ ರೈಲಿನಲ್ಲಿ ಬಂದಿದ್ದಳು. ನಾನು ಬ್ಯಾಂಕಿನ ಅಧಿಕಾರಿ. ವರ್ಗವಾಗಿ ಬಂದವನು ಇಲ್ಲಿಯ ಸಹೋದ್ಯೋಗಿಯನ್ನು ಮದುವೆಯಾಗಿ ಇಲ್ಲಿಯೇ ಉಳಿದುಬಿಟ್ಟೆ. ಆ ಮದುವೆಗೂ ಅಮ್ಮ ಅಪ್ಪಣೆ ಕೇಳಿದ್ದಳು. ಬಲಕ್ಕೆ ಬಿತ್ತು. ಎಡಕ್ಕೆ ಬಿದ್ದಿದ್ದರೂ ನಾನು ಮದುವೆಯಾಗುತ್ತಿದ್ದೆ ಎಂದು ಒಮ್ಮೆ ಅವಳಿಗೆ ಹೇಳಿದೆ.

“ಅದಕ್ಕೇ ಕಣೋ ಅವಳು ಬಲಕ್ಕೆ ಕೊಟ್ಟಿದ್ದು. ಅವಳಿಗೇನು ಮಾನ ಮರ್ಯಾದೆ ಇಲ್ವಾ?” ಎಂದಳು.

ಅಪ್ಪಣೆ ಕೇಳುವಾಗ ಮನೆಯ ಫ್ಯಾನುಗಳೆಲ್ಲ ಬಂದ್. ಗಾಳಿಗೆ ಬಿದ್ದ ಎಸಳು ಲೆಕ್ಕಕ್ಕಿಲ್ಲ. ನಾನು, ನನ್ನ ಹೆಂಡತಿ, ಮಗಳು ಮೂವರೂ ಬೆವರು ಒರೆಸಿಕೊಳ್ಳುತ್ತ, ಹೊಸ ಮಿಕ್ಸಿ ತರಬಹುದೋ ಬಾರದೋ ಎಂದು ದೇವಿ ಹೇಳುವುದನ್ನು ಕಾಯಬೇಕು. ನನಗೆ ಮೈಯೆಲ್ಲ ಉರಿಯುತ್ತಿತ್ತು. ಇಬ್ರಾಹಿಂಪಟ್ನಂ ಶಾಖೆಗೆ ದಿನಾ ಬಸ್ಸಿನಲ್ಲಿ ಹೋಗಿಬಂದು, ಅಲ್ಲಿಯ ವಿದ್ಯುತ್ ಸ್ಥಾವರದ ಬೂದಿ ತಲೆಗೂದಲಲ್ಲಿ ಇರುವಾಗಲೇ, ಮನೆಯಲ್ಲಿ ಕರೆಂಟ್ ಇದ್ದೂ ಫ್ಯಾನಿಲ್ಲದೆ ಕೂರುವುದೆಂದರೆ ಯಾರಿಗೆ ತಾನೇ ಸಿಟ್ಟು ಬರುವುದಿಲ್ಲ?

ಮಗಳಿಗೆ ಮಾತ್ರ ಇದೆಲ್ಲ ಇಷ್ಟ. ಅವಳು ವಿಶಾಖಪಟ್ಟಣದಲ್ಲಿ, ಋಷಿಕೊಂಡದ ಗುಡ್ಡದ ಮೇಲಿನ ಒಂದು ಚಿಕ್ಕ ಕಂಪನಿಯಲ್ಲಿ, ವಿಡಿಯೋ ಗೇಮ್ ಪರೀಕ್ಷಿಸುವ ಕೆಲಸ ಮಾಡುತ್ತಾಳೆ. ಬೇರೆಯವರು ಮಾಡಿದ ಆಟವನ್ನು ದಿನವಿಡೀ ಆಡಿ, ಎಲ್ಲಿ ಕೆಡುತ್ತದೆ ಎಂದು ಬರೆದುಕೊಡಬೇಕು. ಆಡುವುದಕ್ಕೆ ಸಂಬಳವೇ ಎಂದು ನಾನು ಕೇಳಿದ್ದಕ್ಕೆ, “ಆಡೋದಕ್ಕಲ್ಲ ನಾನ್ನಾ, ಕೆಡಿಸೋದಕ್ಕೆ” ಎಂದಳು. ಅಪ್ಪನಿಗೆ ನಾನ್ನಾ ಎನ್ನುವುದು ಅವಳಿಗೆ ತಾಯಿಯ ಕಡೆಯಿಂದ ಬಂದ ತೆಲುಗು. ಕನ್ನಡ ಅವಳಿಗೆ ಅಜ್ಜಿಯ ಜೊತೆ ಮಾತಾಡುವ ಭಾಷೆ. ಅಜ್ಜಿಯ ಹಾಗೆಯೇ “ಅಯ್ಯೋ ಶಿವನೇ” ಎನ್ನುತ್ತಾಳೆ, ಕೀಬೋರ್ಡಿನ ಮುಂದೆ ಕೂತು.

ಒಂದು ಸಂಕ್ರಾಂತಿ ರಜೆಗೆ ಬಂದವಳು ಇನ್ನೂ ಬಿಡುಗಡೆಯಾಗದ ಒಂದು ಆಟವನ್ನು ಟ್ಯಾಬಿನಲ್ಲಿ ಅಜ್ಜಿಯ ಕೈಗೆ ಕೊಟ್ಟಳು. ಆಟ ಆಡಿ ಗೊತ್ತಿಲ್ಲದವರು ಹೇಗೆ ಆಡುತ್ತಾರೆಂದು ನೋಡಬೇಕಂತೆ. ಒಬ್ಬ ಹುಡುಗಿ ದೀಪ ಹಿಡಿದುಕೊಂಡು ನದಿ ದಾಟಿ ಆಚೆ ಊರಿಗೆ ಹೋಗಬೇಕು. ದೋಣಿಯಲ್ಲಿ ಹೋಗಬಹುದು, ಮುರುಕು ಸೇತುವೆ ಹತ್ತಬಹುದು, ಸುತ್ತು ಹಾಕಿ ಕಾಡಿನ ದಾರಿ ಹಿಡಿಯಬಹುದು. ಯಾವುದನ್ನು ಆರಿಸಿದರೆ ಏನಾಗುತ್ತದೆ ಎಂಬುದಕ್ಕೆಲ್ಲ ತಯಾರಿ ಮಾಡಿಟ್ಟಿದ್ದರು.

ಅಮ್ಮ ಹುಡುಗಿಯನ್ನು ನದಿಯ ದಡದವರೆಗೆ ನಡೆಸಿದಳು. ಅಲ್ಲಿಗೆ ನಿಲ್ಲಿಸಿದಳು. ಟ್ಯಾಬನ್ನು ಎದುರಿಗಿಟ್ಟುಕೊಂಡು ಹುರುಳಿಕಾಯಿ ಬಿಡಿಸತೊಡಗಿದಳು.

“ಮುಂದಕ್ಕೆ ಹೋಗಿ ಅಜ್ಜಿ.”

“ಯಾಕೆ ಹೋಗ್ಬೇಕು? ಇಲ್ಲೇ ಚೆನ್ನಾಗಿದೆ. ನೀರು ನೋಡು, ಎಷ್ಟು ಚೆನ್ನಾಗಿ ಹರೀತಿದೆ.”

ಹುರುಳಿಕಾಯಿ ಮುಗಿಯಿತು. ಅಕ್ಕಿ ಆರಿಸಿದ್ದಾಯಿತು. ಹುಡುಗಿ ದಡದಲ್ಲಿ ನಿಂತೇ ಇದ್ದಳು. ಕೊನೆಗೆ ದೋಣಿಯವನಿಗೆ ಏನಾಯಿತೋ, ದೋಣಿಯಿಂದ ಇಳಿದು ನೀರಿನೊಳಕ್ಕೆ ನಡೆದ. ಮೊಣಕಾಲು, ಸೊಂಟ, ತಲೆ ಮುಳುಗಿದರೂ ನಡೆಯುತ್ತಲೇ ಹೋದ. ಅಮ್ಮ ಗಾಬರಿಯಿಂದ ಕೂಗಿಕೊಂಡಳು. ಮಗಳು ಕುಣಿದಾಡಿದಳು. ಅವರ ಕಂಪನಿಯ ಅಷ್ಟೂ ಜನರ ಕಣ್ಣಿಗೆ ಬೀಳದ ತಪ್ಪು ಅದು. ಆಡುವವರು ಏನೇನು ಮಾಡಬಹುದು ಎಂದು ಎಲ್ಲವನ್ನೂ ಯೋಚಿಸಿದ್ದರು, ಏನೂ ಮಾಡದೆ ಸುಮ್ಮನಿರಬಹುದು ಎಂದು ಯೋಚಿಸಿರಲಿಲ್ಲ.

ಅವತ್ತು ಊಟಕ್ಕೆ ಕೂತಾಗ ಅಮ್ಮ ಮೊಮ್ಮಗಳನ್ನು ಕೇಳಿದಳು, “ಇದನ್ನ ಮಾಡ್ದೋರಿಗೆ ನಾನು ಏನ್ ಮಾಡ್ತೀನಿ ಅಂತ ಮೊದ್ಲೇ ಗೊತ್ತಿರುತ್ತಾ?”

“ಏನೇನು ಮಾಡ್ಬಹುದು ಅಂತ ಗೊತ್ತು ಅಜ್ಜಿ. ಅದ್ರಲ್ಲಿ ಯಾವ್ದು ಮಾಡ್ತೀರ ಅಂತ ಗೊತ್ತಿಲ್ಲ.”

“ಹಂಗಾದ್ರೆ ಅವರೂ ಪಾಪ ನೋಡ್ತಾ ಕೂತಿರ್ತಾರೆ, ಇವಳೇನು ಮಾಡ್ತಾಳೋ ಅಂತ.”

ನನಗೆ ಇಂಥ ಮಾತು ಕೇಳಿದರೆ ಸುಮ್ಮನಿರಲು ಆಗುವುದಿಲ್ಲ. ನದಿ ಅವರದು, ದೋಣಿ ಅವರದು, ಹುಡುಗಿಯ ಕಾಲೂ ಅವರದೇ. ಇಷ್ಟಾದ ಮೇಲೆ ಆಡುವವರದ್ದು ಎಂದು ಉಳಿಯುವುದೇನು? ದೇವರು ಸರ್ವಶಕ್ತ ಎಂದ ಮೇಲೆ ಅಪ್ಪಣೆ ಯಾಕೆ ಕೇಳಬೇಕು? ಹೇಗೂ ಅವನು ಅಂದುಕೊಂಡದ್ದೇ ಆಗುತ್ತದೆ. ಅಪ್ಪಣೆ ಮೀರಲು ಸಾಧ್ಯ ಎಂದರೆ ಅವನೆಂಥ ಸರ್ವಶಕ್ತ? ಹೀಗೆ ದೊಡ್ಡ ವಕೀಲನ ಹಾಗೆ ವಾದ ಮಾಡಿದೆ. ಅಮ್ಮ ನನ್ನ ತಟ್ಟೆಗೆ ಇನ್ನೊಂದು ಸೌಟು ಸಾರು ಹಾಕಿ, “ಉಣ್ಣು, ಆರೋಗುತ್ತೆ” ಎಂದಳು.

ಮಗಳು ಆಗ ಒಂದು ವಿಷಯ ಹೇಳಿದಳು. ದಾಳ ಹಾಕುವ ಆಟಗಳಲ್ಲಿ ಪ್ರತಿ ಸಲವೂ ದಾಳ ತನ್ನಷ್ಟಕ್ಕೆ ಬೀಳುವುದಿಲ್ಲವಂತೆ. ಒಬ್ಬ ಮತ್ತೆ ಮತ್ತೆ ಸೋಲುತ್ತಿದ್ದರೆ ಮುಂದಿನ ಸಲ ಒಳಗಿನಿಂದ ಇವರೇ ಗೆಲ್ಲಿಸಿಬಿಡುತ್ತಾರೆ. ಇಲ್ಲದಿದ್ದರೆ ಅವನು ಬೇಸತ್ತು ಆಟವನ್ನೇ ಬಿಟ್ಟುಹೋಗುತ್ತಾನೆ. ಗೆದ್ದವನು ಅದೃಷ್ಟ ಅಂದುಕೊಳ್ಳುತ್ತಾನೆ.

“ಮೋಸ ಅಲ್ವಾ ಅದು?” ಎಂದೆ.

“ನಮ್ಮ ಆಫೀಸಲ್ಲಿ ಅದಕ್ಕೆ ದಯೆ ಅಂತಾರೆ ನಾನ್ನಾ.”

ಆ ಮಾತು ನನ್ನ ತಲೆಯಲ್ಲಿ ಕೂತುಬಿಟ್ಟಿತು. ಅಲ್ಲಿಯೇ ಸುಮ್ಮನೆ ಬಿದ್ದಿದ್ದರೆ ಚೆನ್ನಾಗಿತ್ತು.

ಅದಾದ ಮುಂದಿನ ವರ್ಷ ಅಮ್ಮನಿಗೆ ಮೆಟ್ಟಿಲು ಹತ್ತುವಾಗ ಉಸಿರು ಸಿಕ್ಕಿಕೊಳ್ಳತೊಡಗಿತು. ಹೃದಯದ ಕವಾಟ ಕಿರಿದಾಗಿದೆ, ಆಪರೇಷನ್ ಮಾಡಿ ಬದಲಾಯಿಸಬೇಕು ಎಂದರು ಡಾಕ್ಟರು. ಎಪ್ಪತ್ತಾರು ವರ್ಷದ ದೇಹ, ಅಪಾಯ ಇಲ್ಲ ಎಂದು ಹೇಳಲಾರೆ ಎಂದರು. ಮಾಡಿಸದಿದ್ದರೆ ಎಂದು ಕೇಳಿದೆ. ಒಂದು ವರ್ಷವೋ, ಅದಕ್ಕಿಂತ ತುಸು ಹೆಚ್ಚೋ ಎಂದು ಹೇಳಿ, ಮುಂದಿನವರನ್ನು ಒಳಗೆ ಕಳಿಸಲು ಗಂಟೆ ಒತ್ತಿದರು.

ಅಮ್ಮ ಬೇಡವೆಂದಳು. ನಾನು ಕೂಗಾಡಿದೆ. ಹೆಂಡತಿ ಸಮಾಧಾನವಾಗಿ ಹೇಳಿದಳು, ಮಗಳು ಫೋನಿನಲ್ಲಿ ಅತ್ತಳು. ನಾಲ್ಕು ದಿನ ಹೀಗೇ ನಡೆದ ಮೇಲೆ ಅಮ್ಮ, “ಆಯ್ತು, ಶುಕ್ರವಾರ ಅವಳನ್ನೇ ಕೇಳ್ತೀನಿ. ಅವಳು ಹೂಂ ಅಂದ್ರೆ ಹೂಂ. ಉಹೂಂ ಅಂದ್ರೆ ನೀನು ಆಮೇಲೆ ಬಾಯಿ ಬಿಡಕೂಡ್ದು” ಎಂದಳು.

ನನ್ನ ತಾಯಿ ಬದುಕುವುದೋ ಸಾಯುವುದೋ ಒಂದು ಹೂವಿನ ಎಸಳು ಒಣಗುವುದರ ಮೇಲೆ ನಿಂತಿತು. ಗುರುವಾರ ಇಡೀ ದಿನ ಶಾಖೆಯಲ್ಲಿ ನನಗೆ ಕೆಲಸದ ಮೇಲೆ ಗಮನವಿರಲಿಲ್ಲ. ಅರ್ಧಕ್ಕರ್ಧ ಸಾಧ್ಯತೆಗೆ ಅಮ್ಮನನ್ನು ಬಿಟ್ಟುಕೊಡಲು ನಾನು ತಯಾರಿರಲಿಲ್ಲ.

ಶುಕ್ರವಾರ ಬೆಳಿಗ್ಗೆ ಅಮ್ಮ ಸ್ನಾನಕ್ಕೆ ಹೋದಾಗ ದೇವರ ಗೂಡಿನ ಮುಂದೆ ಕೂತೆ. ಪಂಚಾಮೃತಕ್ಕೆಂದು ಇಟ್ಟಿದ್ದ ಜೇನುತುಪ್ಪದ ಶೀಶೆ ಅಲ್ಲಿಯೇ ಇತ್ತು. ಬೆರಳ ತುದಿಯಲ್ಲಿ ಒಂದು ಹನಿ ತೆಗೆದು ದೇವಿಯ ಎಡಭುಜಕ್ಕೆ ತೆಳುವಾಗಿ ಸವರಿದೆ. ಕಪ್ಪು ಕಲ್ಲಿನ ಮೇಲೆ ಏನೂ ಕಾಣಲಿಲ್ಲ. ಅಮ್ಮನ ಕಣ್ಣು ಮೊದಲೇ ಮಂಜು. ಬೆರಳನ್ನು ಪಂಚೆಗೆ ಒರೆಸಿಕೊಂಡು ಎದ್ದುಬಂದೆ. ಭಯವಾಯಿತೇ ಎಂದರೆ, ಇಲ್ಲ. ದೇವರನ್ನು ನಂಬದವನು ಎಂದು ಹೇಳಿಕೊಂಡು ತಿರುಗುತ್ತಿದ್ದವನಿಗೆ ಯಾವ ಭಯ? ಮನಸ್ಸಿನಲ್ಲಿ ಒಂದು ಕ್ಷಮೆ ಮಾತ್ರ ಕೇಳಿದೆ, ಯಾರನ್ನು ಕೇಳಿದೆನೋ ನನಗೇ ಗೊತ್ತಿಲ್ಲ.

ಫ್ಯಾನು ಬಂದ್ ಆಯಿತು. ಅಮ್ಮ ಎಸಳು ಅದ್ದಿ ಎರಡೂ ಕಡೆ ಅಂಟಿಸಿದಳು. ಏಳೆಂಟು ನಿಮಿಷಕ್ಕೆ ಬಲಭುಜದ ಎಸಳು ಜಾರಿ ಪೀಠದ ಮೇಲೆ ಬಿತ್ತು. ಅಮ್ಮ ಅದನ್ನು ಎತ್ತಿ ಕಣ್ಣಿಗೊತ್ತಿಕೊಂಡು ಮುಡಿಗೆ ಸಿಕ್ಕಿಸಿಕೊಂಡಳು. ನನ್ನ ಕಡೆ ತಿರುಗಿ, “ಟಿಕೆಟ್ ಮಾಡ್ಸು” ಎಂದಳು. ಆಪರೇಷನ್ ವಿಜಯವಾಡದಲ್ಲೂ ಆಗುತ್ತಿತ್ತು. ಅವಳಿಗೆ ಮೊಮ್ಮಗಳ ಹತ್ತಿರ ಇರಬೇಕಿತ್ತು, ವಿಶಾಖಪಟ್ಟಣವೇ ಆಗಲಿ ಎಂದಳು.

ಒಂದು ವಾರ ಮೊದಲೇ ಅವಳನ್ನು ಮಗಳ ಮನೆಗೆ ಬಿಟ್ಟುಬಂದೆ. ದೇವಿಯೂ ಜೊತೆಗೆ ಹೋದಳು, ಅದೇ ಸೀರೆಯಲ್ಲಿ. ನನಗೆ ರಜೆ ಸಿಕ್ಕಿದ್ದು ಆಸ್ಪತ್ರೆಗೆ ಸೇರಿಸುವ ದಿನಕ್ಕೆ. ನಾನು ಹೋಗುವಷ್ಟರಲ್ಲಿ ಅಮ್ಮ ಹಾಸಿಗೆಯ ಮೇಲೆ ಕೂತು ಪಕ್ಕದ ಹಾಸಿಗೆಯ ತೆಲುಗು ಹೆಂಗಸಿಗೆ ತನ್ನ ಹರಕುಮುರುಕು ತೆಲುಗಿನಲ್ಲಿ ಗೊಜ್ಜು ಮಾಡುವುದನ್ನು ಹೇಳಿಕೊಡುತ್ತಿದ್ದಳು. ನನ್ನನ್ನು ನೋಡಿ, “ಯಾಕೋ ಹಿಂಗೆ ಸೊರಗಿದೀಯ” ಎಂದಳು. ಹಾಗೆಂದವಳಿಗೆ ನಾಲ್ಕು ಹೆಜ್ಜೆ ನಡೆದರೆ ಉಸಿರು ಸಿಕ್ಕಿಕೊಳ್ಳುತ್ತಿತ್ತು.

ಆಪರೇಷನ್ ಸರಿಯಾಗಿಯೇ ಆಯಿತು. ಎರಡನೇ ದಿನ ಕಣ್ಣು ಬಿಟ್ಟಳು, ಮೊಮ್ಮಗಳ ಕೈ ಹಿಡಿದಳು. ಮೂರನೇ ದಿನ ಮೂತ್ರಪಿಂಡ ಕೈಕೊಟ್ಟಿತು. ನಾಲ್ಕನೇ ದಿನ ಮಧ್ಯಾಹ್ನ ಹೋದಳು. ಯಾರ ತಪ್ಪೂ ಇರಲಿಲ್ಲ. ಆ ವಯಸ್ಸಿನಲ್ಲಿ ಹೀಗೂ ಆಗುತ್ತದೆ ಎಂದು ಡಾಕ್ಟರು ಮೊದಲೇ ಹೇಳಿದ್ದರು.

ಕಾರ್ಯಗಳೆಲ್ಲ ಮುಗಿದವು. ಸೂತಕದಲ್ಲಿ ಮುಟ್ಟಬಾರದೆಂದು ದೇವಿ ಮಗಳ ಮನೆಯಲ್ಲಿಯೇ ಉಳಿದಿದ್ದಳು. ತರಲು ಹೋಗಬೇಕು, ಹೋಗಬೇಕು ಎನ್ನುತ್ತಲೇ ನಾಲ್ಕು ತಿಂಗಳು ತಳ್ಳಿದೆ. ಹೆಂಡತಿ ಎರಡು ಸಲ ನೆನಪಿಸಿದಳು, ಎರಡು ಸಲವೂ ಅವಳ ಮೇಲೆ ರೇಗಿದೆ. ನಾನು ಸುಮ್ಮನಿದ್ದಿದ್ದರೆ ಅಮ್ಮ ಇನ್ನೊಂದು ವರ್ಷ ಇರುತ್ತಿದ್ದಳು. ಉಸಿರು ಸಿಕ್ಕಿಕೊಂಡಾದರೂ ಇರುತ್ತಿದ್ದಳು, ಮನೆಯಲ್ಲೇ, ಹುರುಳಿಕಾಯಿ ಬಿಡಿಸಿಕೊಂಡು. ಅವಳು ಬೇಡ ಎಂದಿದ್ದಳು. ಅವಳ ಬೇಡವನ್ನು ನಾನು ಕದ್ದೆ. ಊಟ ಮಾಡುವಾಗ, ಬಸ್ಸಿನಲ್ಲಿ, ಕೌಂಟರಿನ ಮುಂದೆ ನಿಂತ ಯಾರಿಗೋ ಸಹಿ ಎಲ್ಲಿ ಹಾಕಬೇಕೆಂದು ತೋರಿಸುವಾಗ, ಇದೊಂದೇ ತಲೆಯಲ್ಲಿ.

ಕೊನೆಗೆ ಒಂದು ಶನಿವಾರ ಹೋದೆ. ಮಗಳ ಮನೆಯ ಬಾಲ್ಕನಿಯಿಂದ ಸಮುದ್ರದ ಒಂದು ತುಂಡು ಕಾಣುತ್ತದೆ. ಮಧ್ಯಾಹ್ನದ ಬಿಸಿಲಿಗೆ ಕಣ್ಣು ಕುಕ್ಕುತ್ತಿತ್ತು. ಕಾಫಿ ಕುಡಿಯುತ್ತ ನಾನು, ಏನೋ ಲೋಕಾಭಿರಾಮವಾಗಿ ಎಂಬಂತೆ, ನಿಮ್ಮ ಆಟಗಳಲ್ಲಿ ಹಿಂದಕ್ಕೆ ಹೋಗಿ ಬೇರೆ ದಾರಿ ಹಿಡಿಯಬಹುದಲ್ಲವೇ ಎಂದು ಕೇಳಿದೆ.

“ಹೋಗ್ಬಹುದು. ಆದ್ರೆ ಕೆಲವು ಕಡೆ ಯಾವ ದಾರಿ ಹಿಡಿದ್ರೂ ಆಗೋದು ಒಂದೇ ನಾನ್ನಾ. ಕಥೆಗೆ ಅದು ಬೇಕಿರುತ್ತೆ. ಆರಿಸೋಕೆ ಕೊಡ್ತೀವಿ, ಆದ್ರೆ ಅದು ಬರೀ ತೋರಿಕೆಗೆ. ಅಜ್ಜಿದೂ ಹಾಗೇ ಅಂದ್ಕೊಳ್ಳಿ.”

ನನ್ನನ್ನು ಸಮಾಧಾನ ಮಾಡಲು ಹೇಳಿದ್ದು. ನನಗೆ ಎಲ್ಲಿತ್ತೋ ಸಿಟ್ಟು.

“ನಿನ್ನ ಆಟ ಗೀಟ ಎಲ್ಲ ಕಟ್ಟಿಡು! ಇದನ್ನ ಯಾರೂ ಬರ್ದಿರಲಿಲ್ಲ. ನಾನು ಮಾಡಿದ್ದು. ಇದೇ ಕೈಯಿಂದ ಮಾಡಿದ್ದು” ಎಂದೆ. ಜೇನುತುಪ್ಪದ ವಿಷಯ ಹೇಳಿಬಿಟ್ಟೆ. ಹೆಂಡತಿಗೂ ಹೇಳಿರಲಿಲ್ಲ.

ಮಗಳು ಕಾಫಿ ಲೋಟವನ್ನು ಕೆಳಗಿಟ್ಟಳು.

“ಗೊತ್ತು ನಾನ್ನಾ. ಅಜ್ಜಿ ಹೇಳಿದ್ರು.”

ಅಂದು ಅಪ್ಪಣೆಯಾದ ಮರುದಿನ ಬೆಳಿಗ್ಗೆ ಅಮ್ಮ ದೇವಿಯನ್ನು ತೊಳೆಯಲು ಎತ್ತಿಕೊಂಡಾಗ ಎಡಭುಜದ ತುಂಬ ಇರುವೆ ಮುತ್ತಿತ್ತಂತೆ. ಬಾಡಿದ ಎಸಳು ಇನ್ನೂ ಅಲ್ಲಿಯೇ ಅಂಟಿಕೊಂಡಿತ್ತಂತೆ. ಅಮ್ಮ ಇರುವೆಗಳನ್ನು ಊದಿ, ಬಿಸಿನೀರಲ್ಲಿ ಭುಜ ತೊಳೆದು, ಏನೂ ಆಗಿಲ್ಲವೆಂಬಂತೆ ನನಗೆ ಉಪ್ಪಿಟ್ಟು ಮಾಡಿಕೊಟ್ಟಿದ್ದಾಳೆ. ದಿನಾ ದೇವಿಯನ್ನು ತೊಳೆಯುವವಳು ಅವಳೇ ಎಂಬುದು ನನಗೆ ಹೊಳೆದೇ ಇರಲಿಲ್ಲ. ಮನೆಯಲ್ಲಿ ಇಪ್ಪತ್ತೆಂಟು ಸಲ ಇರುವೆ ಇರುವೆ ಎಂದು ಬೈಯುತ್ತಿದ್ದವನು ನಾನೇ.

“ಅವನಿಗೆ ಹೇಳ್ಬೇಡ, ನಾಚ್ಕೋತಾನೆ ಅಂದ್ರು” ಎಂದಳು ಮಗಳು.

ಹಾಗಿದ್ದರೂ ಆಪರೇಷನ್ನಿಗೆ ಯಾಕೆ ಬಂದಳು ಎಂದು ಕೇಳಿದೆ. ಮಗಳು ಉಳಿದದ್ದನ್ನೂ ಹೇಳಿದಳು.

ಆಸ್ಪತ್ರೆಗೆ ಸೇರುವ ಹಿಂದಿನ ದಿನ ಅಮ್ಮ ಇಲ್ಲಿ, ಈ ಮನೆಯಲ್ಲಿ, ಮತ್ತೆ ಅಪ್ಪಣೆ ಕೇಳಿದ್ದಾಳೆ. ಏಸಿ, ಫ್ಯಾನು ಎಲ್ಲ ಆರಿಸಿ, ಕಿಟಕಿ ಮುಚ್ಚಿಸಿ. ಈ ಸಲ ಎಸಳನ್ನು ಮೊಮ್ಮಗಳ ಕೈಯಿಂದಲೇ ಅಂಟಿಸಿದ್ದಾಳೆ. ಸಮುದ್ರದ ಕಡೆಯ ತೇವಕ್ಕೆ ಬಹಳ ಹೊತ್ತು ಎರಡೂ ಬೀಳಲಿಲ್ಲವಂತೆ. ಕೊನೆಗೆ ಬಿದ್ದದ್ದು ಎಡಭುಜದ್ದು.

ಮಗಳು ಹೆದರಿ, ನಾನ್ನಾಗೆ ಫೋನ್ ಮಾಡುತ್ತೇನೆ, ಆಪರೇಷನ್ ನಿಲ್ಲಿಸೋಣ ಎಂದಿದ್ದಾಳೆ. ಅಮ್ಮ ಅವಳ ಕೈಯಿಂದ ಫೋನು ತೆಗೆದುಕೊಂಡು ಪಕ್ಕಕ್ಕಿಟ್ಟಿದ್ದಾಳೆ. ದೇವಿಯ ಕಡೆ ತಿರುಗಿ, “ಕೇಳಿಸ್ತು ತಾಯಿ. ನೀನು ಹೇಳಿದ್ದು ಕೇಳಿಸ್ತು. ಆದ್ರೂ ಹೋಗ್ತೀನಿ” ಎಂದಿದ್ದಾಳೆ.

“ಹಾಗಂದ್ಲಾ? ಅಷ್ಟೇ ಅಂದ್ಲಾ?” ಎಂದೆ.

“ಯಾಕಜ್ಜಿ ಅಂತ ಕೇಳ್ದೆ. ‘ಹುಟ್ಟಿದಾಗಿಂದ ಅವಳು ಹೇಳ್ದಂಗೆ ಕೇಳಿದೀನಿ ಕಣೇ. ನಾನು ಇರ್ಬೇಕು ಅಂತ ನನ್ನ ಮಗ ದೇವ್ರಿಗೇ ಮೋಸ ಮಾಡಿದಾನೆ. ಈ ಸಲ ಅವನ ಮಾತು ಕೇಳ್ತೀನಿ. ಅವಳು ಬೈಯೋದಿದ್ರೆ ನನ್ನನ್ನ ಬೈಯ್ಲಿ’ ಅಂದ್ರು.”

ನಾಲ್ಕು ತಿಂಗಳು ಅಳದವನು ಆಗ ಅತ್ತೆ. ಅಮ್ಮನನ್ನು ನಾನೇ ಆಡಿಸಿದೆ, ನಾನೇ ಸಾಯಿಸಿದೆ ಎಂದುಕೊಂಡಿದ್ದೆ. ಅವಳು ಎಲ್ಲ ಗೊತ್ತಿದ್ದೇ, ಎರಡು ಕಣ್ಣೂ ಬಿಟ್ಟುಕೊಂಡೇ ಹೊರಟಿದ್ದಳು. ಇದನ್ನು ತಿಳಿದ ಮೇಲೆ ಪಾಪ ಕಡಿಮೆಯಾಯಿತು ಎಂದು ಹೇಳಲಾರೆ. ಸಂಕಟವಂತೂ ಹೆಚ್ಚಾಯಿತು.

ನಾನು ಕಣ್ಣೊರೆಸಿಕೊಂಡು ನೋಡಿದಾಗ ಮಗಳು ಬಾಲ್ಕನಿಯ ಕಂಬಿ ಹಿಡಿದು ಆ ಕಡೆ ತಿರುಗಿ ನಿಂತಿದ್ದಳು. ಅವಳ ಭುಜ ಅದುರುತ್ತಿತ್ತು. ಅವತ್ತಿನಿಂದ ಇವತ್ತಿನವರೆಗೆ ಇದನ್ನು ಒಬ್ಬಳೇ ಇಟ್ಟುಕೊಂಡಿದ್ದಾಳೆ ಎಂಬುದು ನನಗೆ ಆಗ ಹೊಳೆಯಿತು. ನನ್ನ ದುಃಖದಲ್ಲಿ ನಾನು ಅವಳ ಮುಖವನ್ನೇ ನೋಡಿರಲಿಲ್ಲ.

ಈ ಕಡೆ ತಿರುಗದೆಯೇ ಕೇಳಿದಳು. “ನಾನು ಅವತ್ತೇ ನಿಮಗೆ ಫೋನ್ ಮಾಡ್ಬೇಕಿತ್ತಾ ನಾನ್ನಾ? ಮಾಡಿದ್ರೆ ಅಜ್ಜಿ ಇರ್ತಿದ್ರಾ?”

ಮಾಡಿದ್ದರೆ ನಾನು ನಿಲ್ಲಿಸುತ್ತಿದ್ದೆನೋ, ಎಸಳನ್ನು ನಂಬಿ ಹುಚ್ಚಾಟ ಆಡಬೇಡಿ ಎಂದು ಇಬ್ಬರಿಗೂ ಬೈದು ಕಳಿಸುತ್ತಿದ್ದೆನೋ, ನನಗೆ ನಿಜವಾಗಿಯೂ ಗೊತ್ತಿರಲಿಲ್ಲ. ಈಗಲೂ ಗೊತ್ತಿಲ್ಲ. ಆದರೆ ಅವಳು ಬೆನ್ನು ಹಾಕಿ, ಉಸಿರು ಹಿಡಿದು, ನನ್ನ ಬಾಯಿಂದ ಬರುವ ಒಂದೇ ಮಾತಿಗೆ ಕಾಯುತ್ತಿದ್ದಳು.

“ಇಲ್ಲ ಮಗಳೇ. ನೀನು ಮಾಡಿದ್ದೇ ಸರಿ” ಎಂದೆ. ಒಂದು ಗಳಿಗೆಯೂ ತಡಮಾಡಲಿಲ್ಲ.